ಕೀ ಬದಲಿಸುವ ಮುನ್ನ ಒಂದು ಗೆರೆ ಎಳೆಯಿರಿ

ಕಾಲೇಜು ಫೆಸ್ಟ್‌ನಲ್ಲಿ ನಮ್ಮ ಬ್ಯಾಂಡ್‌ಗೆ ಸಿಕ್ಕಿದ್ದು ಹದಿನೈದು ನಿಮಿಷ. ಎರಡನೇ ಹಾಡು ಅರ್ಧ ಮುಗಿಯುವಷ್ಟರಲ್ಲಿ ನನ್ನ ಬೇಸ್ ಗಿಟಾರಿನ ಅತಿ ದಪ್ಪ ತಂತಿ ಶ್ರುತಿಯಿಂದ ಇಳಿದುಬಿಟ್ಟಿತು. ಸ್ವಲ್ಪ ಅಲ್ಲ, ಗಾಯಕ ಹಿಂದೆ ತಿರುಗಿ ನನ್ನ ಮುಖ ನೋಡುವಷ್ಟು. ಬೇಸ್ ನುಡಿಸುವವನನ್ನು ಸಾಮಾನ್ಯವಾಗಿ ಯಾರೂ ನೋಡುವುದಿಲ್ಲ. ನೋಡಿದರು ಎಂದರೆ ಏನೋ ಕೆಟ್ಟಿದೆ ಎಂದೇ ಅರ್ಥ. ಉಳಿದ ಹಾಡುಗಳನ್ನು ಆ ತಂತಿ ಮುಟ್ಟದೆ ಮೂರೇ ತಂತಿಯಲ್ಲಿ ಮುಗಿಸಿದೆ.

ವೇದಿಕೆ ಇಳಿದ ತಕ್ಷಣ ಸಲಹೆಗಳ ಸುರಿಮಳೆ. ‘ಮಗಾ, ಕೀ ಚೇಂಜ್ ಮಾಡ್ಸು’ ಎಂದ ಡ್ರಮ್ಮರ್. ‘ಕೀ ಅಲ್ಲ ಕಣೋ, ಆ ಡಬ್ಬಾನೇ ಮಾರಿ ಒಳ್ಳೇದು ತಗೋ’ ಎಂದ ಗಿಟಾರಿಸ್ಟ್. ಅವನ ಗಿಟಾರ್ ಅವನ ಮಾವ ದುಬೈಯಿಂದ ತಂದುಕೊಟ್ಟಿದ್ದು. ನನ್ನದು ಸೀನಿಯರ್ ಒಬ್ಬರಿಂದ 6,500 ರೂಪಾಯಿಗೆ ಕೊಂಡ ಸೆಕೆಂಡ್ ಹ್ಯಾಂಡ್. ಮುಂದಿನ ಕಾರ್ಯಕ್ರಮಕ್ಕೆ ಎರಡು ತಿಂಗಳಿತ್ತು. ಅಷ್ಟರಲ್ಲಿ ಬೇಸ್ ಸರಿಹೋಗದಿದ್ದರೆ ಸ್ವಂತ ಒಳ್ಳೆಯ ಬೇಸ್ ಇರುವ ಜೂನಿಯರ್ ಒಬ್ಬನನ್ನು ಕರೆಯುತ್ತೇವೆ ಎಂಬ ಮಾತು ನನ್ನ ಕಿವಿಗೂ ಬಿತ್ತು.

ಬೇಸಿಗೆ ರಜೆಯ ಇಂಟರ್ನ್‌ಶಿಪ್‌ನಲ್ಲಿ ಉಳಿಸಿದ 9,000 ರೂಪಾಯಿ ಇತ್ತು. ಅದನ್ನು ಎಲ್ಲಿ ಹಾಕಬೇಕು ಎಂಬುದಷ್ಟೇ ಪ್ರಶ್ನೆ ಎಂದುಕೊಂಡೆ. ಈ ಲೇಖನ ಬರೆಯುತ್ತಿರುವುದೇ ಆ ಪ್ರಶ್ನೆ ತಪ್ಪಾಗಿತ್ತು ಎಂದು ಹೇಳಲು.

ಬೇಸ್ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಗಿಟಾರಿನ ತಲೆಭಾಗದಲ್ಲಿ ತಂತಿ ಸುತ್ತಿಕೊಳ್ಳುವ ಗೂಟ, ಅದನ್ನು ತಿರುಗಿಸುವ ಕಿವಿಯಂಥ ಹಿಡಿ, ನಡುವೆ ಒಂದು ವರ್ಮ್ ಮತ್ತು ಒಂದು ಗೇರ್ ಚಕ್ರ ಇರುತ್ತವಲ್ಲ, ಅದೇ ಟ್ಯೂನಿಂಗ್ ಕೀ. ಪುಸ್ತಕದ ಹೆಸರು ಮಷಿನ್ ಹೆಡ್. ನಮ್ಮ ವೀಣೆಯ ಬಿರಡೆ ಮಾಡುವ ಕೆಲಸವನ್ನೇ ಇದು ಗೇರ್ ಹಾಕಿಕೊಂಡು ಮಾಡುತ್ತದೆ. ಗೇರ್ ಬೇಕೇಬೇಕು, ಯಾಕೆಂದರೆ ಬೇಸ್ ತಂತಿ ಒಂದೊಂದೂ ಹೆಚ್ಚುಕಡಿಮೆ 16ರಿಂದ 23 ಕೆ.ಜಿ. ಬಲದಿಂದ ಎಳೆಯುತ್ತದೆ. ನಾಲ್ಕೂ ಸೇರಿದರೆ ಒಬ್ಬ ದೊಡ್ಡ ಮನುಷ್ಯ ಹಗಲೂ ರಾತ್ರಿ ನೆಕ್ ಹಿಡಿದು ಜೋತುಬಿದ್ದಂತೆ. ಆ ಭಾರಕ್ಕೆ ಬರೀ ಮರದ ಬಿರಡೆ ನಿಲ್ಲುವುದು ಕಷ್ಟ.

ನಾನು ಮೊದಲು ಮಾಡಿದ ಕೆಲಸ ಎಲ್ಲರೂ ಮಾಡುವುದೇ. ರಾತ್ರಿ ಹನ್ನೊಂದಕ್ಕೆ ಹಾಸ್ಟೆಲ್ ಮಂಚದ ಮೇಲೆ ಮಲಗಿಕೊಂಡು ಫೋನಿನಲ್ಲಿ ನಾಲ್ಕು ಕೀಗಳ ಸೆಟ್ ಒಂದಕ್ಕೆ ಆರ್ಡರ್ ಹಾಕಿದೆ. 1,400 ರೂಪಾಯಿ. ಚಿತ್ರ ಚೆನ್ನಾಗಿತ್ತು, ಕಪ್ಪು ಬಣ್ಣ. ಐದು ದಿನಕ್ಕೆ ಬಂತು. ಪೊಟ್ಟಣ ಬಿಚ್ಚಿ ನೋಡಿದರೆ ಎರಡು ಕೀ ಎಡಕ್ಕೆ, ಎರಡು ಬಲಕ್ಕೆ. ನನ್ನ ಬೇಸ್‌ನಲ್ಲಿ ನಾಲ್ಕೂ ಒಂದೇ ಸಾಲಿನಲ್ಲಿ ಕೂರಬೇಕು. ಅದು ಸಾಲದೆಂಬಂತೆ ಹೊಸ ಕೀಯ ಬುಷ್ 14 ಮಿ.ಮೀ., ನನ್ನ ಬೇಸ್‌ನ ತೂತು 17.5 ಮಿ.ಮೀ. ಬಾವಿಗೆ ಬಕೆಟ್ ಇಳಿಸಿದಂತೆ ಒಳಗೆ ಹೋಗಿ ಅಲ್ಲಾಡುತ್ತಿತ್ತು. ಮಾರಿದವರಿಗೆ ಬರೆದೆ. ಪೊಟ್ಟಣ ತೆರೆದ ಮೇಲೆ ವಾಪಸ್ ಇಲ್ಲವಂತೆ. ಅಳತೆ ಹಾಕಿರಲಿಲ್ಲವಲ್ಲ ಎಂದು ಕೇಳಿದ್ದಕ್ಕೆ ‘ಯೂನಿವರ್ಸಲ್ ಫಿಟ್’ ಎಂದು ಉತ್ತರ ಬಂತು. ಮೆಕ್ಯಾನಿಕಲ್ ಓದುವ ಹುಡುಗ, ಫಿಟ್ ಮತ್ತು ಟಾಲರೆನ್ಸ್ ಮೇಲೆ ಹತ್ತು ಅಂಕದ ಪ್ರಶ್ನೆಗೆ ಉತ್ತರ ಬರೆದು ಬಂದವನು, ‘ಯೂನಿವರ್ಸಲ್ ಫಿಟ್’ ಎಂಬುದನ್ನು ನಂಬಿದೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ?

ತೂತು ಚಿಕ್ಕದು ಮಾಡಿಸಲು ಆಗುತ್ತದೆಯೇ ಎಂದು ಕೇಳಲು ಮೈಸೂರಿನಲ್ಲಿ ವೀಣೆ ರಿಪೇರಿ ಮಾಡುವ ಹಿರಿಯರೊಬ್ಬರ ಬಳಿ ಹೋದೆ. ಗೆಳತಿಯೊಬ್ಬಳ ವೀಣೆ ಅವರ ಕೈಯಲ್ಲೇ ರಿಪೇರಿಯಾಗಿದ್ದು. ಬ್ಯಾಗಿನಿಂದ ಬೇಸ್ ತೆಗೆದ ಕೂಡಲೇ ‘ಏನಪ್ಪಾ ಇದು, ಭೀಮನ ಗದೆ ಇದ್ದಂಗಿದೆ’ ಎಂದರು. ಕಥೆಯೆಲ್ಲ ಹೇಳಿದೆ. ಕೇಳಿ ಒಂದೇ ಪ್ರಶ್ನೆ ಹಾಕಿದರು.

‘ತಂತಿ ಇಳೀತು ಅಂದ್ಯಲ್ಲ, ಬಿರಡೆ ತಿರುಗ್ತೋ, ಇಲ್ಲ ಬೇರೆ ಎಲ್ಲಾದ್ರೂ ಸಡಿಲ ಆಯ್ತೋ? ನೋಡಿದ್ಯಾ?’

‘ಇಲ್ಲ ಸರ್.’

‘ನೋಡ್ದೇನೇ ಹೊಸದು ತರಿಸ್ದೆ.’

ಮರದ ಬಿರಡೆ ಜಾರಿದರೆ ಸೀಮೆಸುಣ್ಣದ ಪುಡಿ ಹಚ್ಚುತ್ತಾರೆ. ಬಿಗಿಯಾಗಿ ಕಚ್ಚಿಕೊಂಡರೆ ಸ್ವಲ್ಪ ನಯ ಮಾಡುತ್ತಾರೆ. ಜಾರುತ್ತಿದೆಯೋ ಕಚ್ಚುತ್ತಿದೆಯೋ ಗೊತ್ತಾಗದೆ ಅವರು ಕೈ ಹಾಕುವುದೇ ಇಲ್ಲ. ಈಗ ಎಷ್ಟೋ ವೀಣೆಗಳಿಗೂ ಗಿಟಾರಿನಂಥ ಗೇರ್ ಕೀ ಹಾಕುತ್ತಾರಾದ್ದರಿಂದ ನನ್ನ ಬೇಸ್‌ನ ಕೀ ಅವರಿಗೆ ಹೊಸದೇನಲ್ಲ. ಒಂದು ಚೂಪಾದ ಪೆನ್ಸಿಲ್ ತೆಗೆದು ಪ್ರತಿ ಗೂಟದ ತಲೆಯಿಂದ ಬುಷ್‌ವರೆಗೆ ಒಂದು ಗೆರೆ, ಹಿಂದೆ ಕೀಯ ತಗಡಿನಿಂದ ಮರದವರೆಗೆ ಇನ್ನೊಂದು ಗೆರೆ ಎಳೆದರು. ‘ಶ್ರುತಿ ಮಾಡಿ ಇಡು. ನಾಳೆ ಬೆಳಿಗ್ಗೆ ನೋಡು. ಎಲ್ಲಿ ಗೆರೆ ಮುರಿದಿದ್ಯೋ ಅಲ್ಲಿ ರೋಗ.’ ದುಡ್ಡು ತೆಗೆದುಕೊಳ್ಳಲಿಲ್ಲ.

ನಾಲ್ಕು ವರ್ಷದ ಬಿ.ಇ.ಯಲ್ಲಿ ಇದುವರೆಗೆ ನಾನು ಕಂಡ ಅತ್ಯುತ್ತಮ ಟೆಸ್ಟಿಂಗ್ ಅದು. ಖರ್ಚು ಸೊನ್ನೆ.

ಬೆಳಿಗ್ಗೆ ನೋಡಿದರೆ ನಾಲ್ಕೂ ತಂತಿ ಇಳಿದಿವೆ, ಆದರೆ ಗೂಟ ಮತ್ತು ಬುಷ್ ನಡುವಿನ ಗೆರೆ ನಾಲ್ಕರಲ್ಲೂ ಹಾಗೇ ಇದೆ. ಅಂದರೆ ಒಂದು ಗೇರ್ ಕೂಡ ಹಿಂದಕ್ಕೆ ತಿರುಗಿಲ್ಲ! ಆಮೇಲೆ ಯೋಚಿಸಿದರೆ ಇದು ನನಗೆ ಗೊತ್ತಿರಬೇಕಾದ ವಿಷಯವೇ. ವರ್ಮ್ ಗೇರಿನಲ್ಲಿ ವರ್ಮ್ ಚಕ್ರವನ್ನು ತಿರುಗಿಸಬಲ್ಲದು, ಆದರೆ ಎಳೆಗಳ ಓರೆ ಕಡಿಮೆಯಿದ್ದರೆ ಚಕ್ರ ವರ್ಮನ್ನು ತಿರುಗಿಸಲಾರದು. ಘರ್ಷಣೆಯೇ ಬೀಗ. ಪರೀಕ್ಷೆಗೆ ‘ಸೆಲ್ಫ್ ಲಾಕಿಂಗ್’ ಎಂದು ಬಾಯಿಪಾಠ ಮಾಡಿದ್ದೆ. ಅಗ್ಗದ ಕೀಯಲ್ಲೂ ಆ ಬೀಗ ಇರುತ್ತದೆ. ‘ಚೀಪ್ ಕೀ ಶ್ರುತಿ ಹಿಡಿದಿಡಲ್ಲ’ ಎಂದು ಎಲ್ಲರೂ ಹೇಳುವ ಮಾತು ಹೆಚ್ಚಿನ ಸಂದರ್ಭದಲ್ಲಿ ಸುಳ್ಳು ಎಂದು ನಾನು ಈಗ ಧೈರ್ಯವಾಗಿ ಹೇಳುತ್ತೇನೆ.

ಹಾಗಾದರೆ ಶ್ರುತಿ ಎಲ್ಲಿ ಸೋರುತ್ತಿತ್ತು? ಮೂರು ಜಾಗದಲ್ಲಿ.

ದಪ್ಪ ತಂತಿಯ ಕೀಯಲ್ಲಿ ಹಿಂದಿನ ಗೆರೆ, ಅಂದರೆ ತಗಡಿಗೂ ಮರಕ್ಕೂ ನಡುವಿನದು, ಅರ್ಧ ಮಿಲಿಮೀಟರ್‌ನಷ್ಟು ಜಾರಿತ್ತು. ನಾಲ್ಕು ಸ್ಕ್ರೂಗಳಲ್ಲಿ ಎರಡು ಸುಮ್ಮನೆ ಗಿರಗಿರ ತಿರುಗುತ್ತಿದ್ದವು, ಮರದ ಎಳೆ ಸವೆದುಹೋಗಿತ್ತು. ಇಡೀ ಕೀಯೇ ತಂತಿಯ ಕಡೆಗೆ ವಾಲುತ್ತಿತ್ತು. ಎರಡನೆಯದು ನಟ್, ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಕಚ್ಚು. ಹಿಂದಿನ ಮಾಲೀಕರು ಹಾಕಿದ್ದಕ್ಕಿಂತ ದಪ್ಪ ತಂತಿ ನಾನು ಹಾಕಿದ್ದೆ. ಕಚ್ಚು ಇಕ್ಕಟ್ಟಾಗಿ ತಂತಿ ಅಲ್ಲಿ ಸಿಕ್ಕಿಕೊಂಡು, ಆಮೇಲೆ ಯಾವಾಗಲೋ ‘ಟಿಂಗ್’ ಎಂದು ಜಾರುತ್ತಿತ್ತು. ಶ್ರುತಿ ಮಾಡುವಾಗ ಆ ಸದ್ದು ದಿನಾ ಕೇಳಿಸುತ್ತಿತ್ತು, ನಾನು ಕೀಯನ್ನು ಬೈಯುತ್ತಿದ್ದೆ. ಮೂರನೆಯದು ಪೂರ್ತಿ ನನ್ನದೇ ತಪ್ಪು. ತಂತಿಯನ್ನು ಗೂಟಕ್ಕೆ ಒಂದರ ಮೇಲೊಂದು ಅಡ್ಡಾದಿಡ್ಡಿ ಸುತ್ತಿದ್ದೆ. ಎರಡು ಮೂರು ಸುತ್ತು, ಒಂದರ ಕೆಳಗೊಂದು ಅಚ್ಚುಕಟ್ಟಾಗಿ ಬಂದರೆ ಸಾಕು. ಅಡ್ಡಾದಿಡ್ಡಿ ಸುತ್ತು ನಿಧಾನವಾಗಿ ಕುಳಿತುಕೊಳ್ಳುತ್ತಾ ಹೋಗುತ್ತದೆ, ಶ್ರುತಿ ಅದರ ಜತೆ ಇಳಿಯುತ್ತದೆ.

ಸ್ಕ್ರೂ ತೂತಿಗೆ ಫೆವಿಕಾಲ್ ಅದ್ದಿದ ಹಲ್ಲುಕಡ್ಡಿ ಎರಡು ತುರುಕಿ, ಒಂದು ರಾತ್ರಿ ಒಣಗಿಸಿ, ಮಟ್ಟ ಮಾಡಿ ಸ್ಕ್ರೂ ಹಾಕಿದೆ. ನಟ್‌ನ ಕಚ್ಚನ್ನು ಮಡಿಸಿದ ನಯ ಸ್ಯಾಂಡ್ ಪೇಪರಿನಿಂದ ತುಸುವೇ ಅಗಲಿಸಿ, ಪೆನ್ಸಿಲ್ ಮೊನೆ ಉಜ್ಜಿದೆ, ಅದರ ಗ್ರಾಫೈಟೇ ಎಣ್ಣೆಯಂತೆ ಕೆಲಸ ಮಾಡುತ್ತದೆ. ಕಚ್ಚಿನ ಆಳ ಮಾತ್ರ ಹೆಚ್ಚಬಾರದು, ಹೆಚ್ಚಿದರೆ ತಂತಿ ಮೊದಲ ಫ್ರೆಟ್‌ಗೆ ತಾಗಿ ಜುಂಯ್‌ಗುಡುತ್ತದೆ. ಎಲ್ಲಾ ಸೇರಿ ಮೂವತ್ತು ರೂಪಾಯಿ ಖರ್ಚು. ಮೂರು ತಂತಿ ಸರಿಹೋದವು.

ನಾಲ್ಕನೆಯದು ಮುಕ್ಕಾಲು ಸರಿಹೋಯಿತು. ಆ ಕೀಯಲ್ಲಿ ನಿಜವಾಗಿಯೂ ಒಂದು ದೋಷವಿತ್ತು. ಶ್ರುತಿಯ ಹತ್ತಿರ ಬರುವಾಗ ಹಿಡಿ ತಿರುಗಿದರೂ ಗೂಟ ತಿರುಗದು, ಆಮೇಲೆ ಕಟಕ್ ಎಂದು ಒಮ್ಮೆಲೇ ಜಿಗಿಯುವುದು. ಬಿಚ್ಚಿ ನೋಡಿದರೆ ಚಕ್ರದ ಎರಡು ಹಲ್ಲು ಅಗಿದುಹೋಗಿದ್ದವು. ಇದು ಮತ್ತು ಸುಮ್ಮನೆ ಇರುವ ಸಡಿಲ ಬೇರೆಬೇರೆ. ಹಿಡಿಯನ್ನು ಹಿಂದೆಮುಂದೆ ಆಡಿಸಿದಾಗ ಕಾಲು ಸುತ್ತು ಖಾಲಿ ತಿರುಗಿದರೆ ಭಯ ಬೇಡ. ತಂತಿಯ ಎಳೆತ ಹಲ್ಲನ್ನು ಯಾವಾಗಲೂ ಒಂದೇ ಕಡೆಗೆ ಒತ್ತಿ ಹಿಡಿದಿರುತ್ತದೆ. ಅದಕ್ಕೇ ಬಲ್ಲವರು ಶ್ರುತಿಯನ್ನು ಕೆಳಗಿನಿಂದ ಮೇಲಕ್ಕೆ ಏರಿಸಿಯೇ ನಿಲ್ಲಿಸುತ್ತಾರೆ. ಮೇಲೆ ಹೋಗಿಬಿಟ್ಟರೆ ಪೂರ್ತಿ ಇಳಿಸಿ ಮತ್ತೆ ಏರಿಸುತ್ತಾರೆ. ಆದರೆ ಹಲ್ಲೇ ಹೋಗಿದ್ದರೆ ಈ ಉಪಾಯ ನಡೆಯದು. ಬದಲಿಸಲೇಬೇಕು.

ಒಂದೇ ಕೀ ಬೇಕಿತ್ತು. ಒಂದೇ. ಅಂಗಡಿಗಳಲ್ಲಿ ಕೇಳಿದೆ, ಬಿಡಿ ಕೀ ಸಿಗಲಿಲ್ಲ. ನನ್ನ ಬೇಸ್ ತಯಾರಿಸಿದವರಿಗೆ ಇ-ಮೇಲ್ ಮಾಡಿದೆ, ‘ಆ ಮಾದರಿ ಈಗ ಇಲ್ಲ’ ಎಂದರು. ಎಲ್ಲಿ ಕೇಳಿದರೂ ನಾಲ್ಕರ ಸೆಟ್. ಇದು ನನಗೆ ನುಂಗಲಾರದ ತುತ್ತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಶುರುಮಾಡಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತುಗಳು, ವಾಹನಗಳು ಎಂದು ನಾಲ್ಕು ವಲಯ ಆರಿಸಿಕೊಂಡಿತು. ಒಳ್ಳೆಯದೇ. ಸಂಗೀತ ವಾದ್ಯ ಅದರಲ್ಲಿಲ್ಲ, ಇರಬೇಕೆಂದು ಹಟ ಹಿಡಿಯುವಷ್ಟು ದೊಡ್ಡ ಮಾರುಕಟ್ಟೆಯೂ ಅಲ್ಲ. ಆದರೆ ಕಾನೂನು ಬರುವವರೆಗೂ ಕಾಯದೆ ಮಾರುವವರು ಎರಡು ಕೆಲಸ ಮಾಡಬಹುದು. ಬಿಡಿಯಾಗಿ ಮಾರುವುದು, ಚಿತ್ರದ ಕೆಳಗೆ ಐದು ಅಳತೆ ಬರೆಯುವುದು. ಎರಡನೆಯದಕ್ಕೆ ಒಂದು ಪೈಸೆ ಖರ್ಚಿಲ್ಲ.

ಯಾವ ಐದು? ಕಾಲೇಜ್ ವರ್ಕ್‌ಶಾಪಿನಿಂದ ವರ್ನಿಯರ್ ಕ್ಯಾಲಿಪರ್ ಒಂದು ಗಂಟೆಗೆ ಕೇಳಿ ಪಡೆದು ಮೊದಲು ಬರೆದುಕೊಂಡಿದ್ದು ಬುಷ್ ಕೂರುವ ತೂತಿನ ವ್ಯಾಸ. ಬೇಸ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಹತ್ತಿರಹತ್ತಿರ 14 ಮತ್ತು 17.5 ಮಿ.ಮೀ. ತೂತು ಚಿಕ್ಕದಿದ್ದರೆ ರೀಮರ್ ಹಾಕಿ ದೊಡ್ಡದು ಮಾಡಬಹುದು, ಡ್ರಿಲ್ ಹಾಕಿದರೆ ಬಣ್ಣ ಸಿಪ್ಪೆ ಏಳುತ್ತದೆ. ದೊಡ್ಡದಿದ್ದರೆ ಮರ ತುಂಬಿ ಮತ್ತೆ ಕೊರೆಯಬೇಕು, ಅಗ್ಗದ ಬೇಸ್‌ಗೆ ಆ ಕೆಲಸ ಕಟ್ಟದು. ಆಮೇಲೆ ತಲೆಭಾಗದ ದಪ್ಪ, ಪಕ್ಕಪಕ್ಕದ ಎರಡು ಗೂಟಗಳ ನಡುವಿನ ಅಂತರ (ಇಲ್ಲದಿದ್ದರೆ ತಗಡುಗಳು ಒಂದರ ಮೇಲೊಂದು ಹತ್ತಿ ಕೂರುತ್ತವೆ), ಸ್ಕ್ರೂ ತೂತುಗಳ ಜಾಗ, ಗೂಟದ ವ್ಯಾಸ. ಇದರ ಜತೆಗೆ ಸಾಲು. ನಾಲ್ಕೂ ಒಂದೇ ಕಡೆಯೋ, ಎರಡು-ಎರಡೋ, ಅಥವಾ 1976ರಲ್ಲಿ ಬಂದ ಮ್ಯೂಸಿಕ್‌ಮ್ಯಾನ್ ಸ್ಟಿಂಗ್‌ರೇ ಬೇಸ್‌ನಂತೆ ಮೂರು-ಒಂದೋ. ಎಡ ಬದಿಯ ಕೀಯನ್ನು ಬಲಕ್ಕೆ ಹಾಕಿದರೆ ಹಿಡಿ ತಿರುಗಿಸುವ ದಿಕ್ಕೇ ಉಲ್ಟಾ ಆಗುತ್ತದೆ, ಕೂರಿಸಲೂ ಆಗದಿರಬಹುದು.

ಗೂಟದ ವ್ಯಾಸವನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಎಲ್ಲರೂ ಗೇರ್ ಅನುಪಾತದ ಹಿಂದೆ. ಬೇಸ್ ಕೀಗಳಲ್ಲಿ 20:1 ಮಾಮೂಲಿ. ಹಿಡಿಯನ್ನು ಇಪ್ಪತ್ತು ಸುತ್ತು ತಿರುಗಿಸಿದರೆ ಗೂಟ ಒಂದು ಸುತ್ತು. ಗೂಟ 9.5 ಮಿ.ಮೀ. ಇದ್ದರೆ ಅದರ ಸುತ್ತಳತೆ 30 ಮಿ.ಮೀ.ಗೆ ಹತ್ತಿರ, ಹಿಡಿಯ ಒಂದು ಸುತ್ತಿಗೆ ತಂತಿ ಒಂದೂವರೆ ಮಿ.ಮೀ. ಸರಿಯುತ್ತದೆ. ಅದೇ 20:1 ಇದ್ದು ಗೂಟ 12.7 ಮಿ.ಮೀ. ಆದರೆ ಎರಡು ಮಿ.ಮೀ. ಅಂದರೆ ದಪ್ಪ ಗೂಟಕ್ಕೆ 27:1 ಕೊಟ್ಟರೂ ಸಣ್ಣ ಗೂಟದ 20:1ರಷ್ಟೇ ನಯ. ಜಾಸ್ತಿ ಅನುಪಾತಕ್ಕೆ ಜಾಸ್ತಿ ದುಡ್ಡು ಕೊಡುವ ಮುನ್ನ ಈ ಒಂದು ಭಾಗಾಕಾರ ಮಾಡಿನೋಡಿ.

ಇನ್ನೊಂದು ಮಾತು, ನಯವಾಗಿ ಶ್ರುತಿ ಮಾಡಲು ಆಗದ್ದಕ್ಕೆ ಎಷ್ಟೋ ಸಲ ಕಾರಣ ಕೀ ಅಲ್ಲ, ಫೋನು. ಬೇಸ್‌ನ ದಪ್ಪ ತಂತಿಯ ಕಂಪನ ಸೆಕೆಂಡಿಗೆ 41.2. ಆ ಮಂದ್ರವನ್ನು ಫೋನಿನ ಮೈಕ್ ಸರಿಯಾಗಿ ಹಿಡಿಯದೆ ಮುಳ್ಳು ಹುಚ್ಚೆದ್ದು ಕುಣಿಯುತ್ತದೆ. ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿಯನ್ನು ಹಗುರ ಮುಟ್ಟಿ ಹಾರ್ಮೋನಿಕ್ ನುಡಿಸಿದರೆ ಅದರ ಎರಡರಷ್ಟು, 82.4, ಕೇಳುತ್ತದೆ. ಮುಳ್ಳು ಸುಮ್ಮನಾಗುತ್ತದೆ.

ಈಗ ಬ್ರ್ಯಾಂಡ್. ಜಪಾನಿನ ಗೋಟೋ, ಜರ್ಮನಿಯ ಶಾಲರ್, ಅಮೆರಿಕದ ಹಿಪ್‌ಶಾಟ್, ಇವುಗಳನ್ನು ನಾನು ಹಗುರ ಮಾಡುವುದಿಲ್ಲ. ಹಿಪ್‌ಶಾಟ್‌ನ ಒಂದು ಕೀಯಲ್ಲಿ ಸಣ್ಣ ಸನ್ನೆ ಒತ್ತಿದರೆ ದಪ್ಪ ತಂತಿ ಇ ಸ್ವರದಿಂದ ಡಿಗೆ ನೇರವಾಗಿ ಇಳಿಯುತ್ತದೆ, ಒಮ್ಮೆ ಗೆಳೆಯನ ಬೇಸ್‌ನಲ್ಲಿ ಮಾಡಿ ನೋಡಿ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಆದರೆ ಅವುಗಳಲ್ಲಿ ನನಗೆ ಅತಿ ಬೆಲೆಬಾಳುವಂತೆ ಕಂಡದ್ದು ಲೋಹಕ್ಕಿಂತ ಹೆಚ್ಚಾಗಿ ಅಳತೆಯ ನಕ್ಷೆ. ತೂತು ಎಷ್ಟು, ಗೂಟ ಎಷ್ಟು ಎಂದು ಬರೆದೇ ಮಾರುತ್ತಾರೆ. ಅವರ ಸೆಟ್ ನನ್ನ ಕೈಗೆ ಬರುವಾಗ ಬೇಸ್‌ಗೆ ಕೊಟ್ಟಷ್ಟೇ ಹಣವಾಗುತ್ತಿತ್ತು. 6,500ರ ಬೇಸ್‌ಗೆ 7,000ದ ಕೀ. ಮಾಡಬಾರದೆಂದಲ್ಲ. ನೆಕ್ ನೆಟ್ಟಗಿದ್ದು, ಕೈಗೆ ಒಗ್ಗಿದ್ದು, ಹತ್ತು ವರ್ಷ ಇದೇ ಬೇಸ್ ಎಂದು ತೀರ್ಮಾನಿಸಿದವರು ಹಾಕಿಸಲಿ.

ಇನ್ನೊಂದು ಸಂದರ್ಭದಲ್ಲೂ ದುಬಾರಿ ಹಗುರ ಕೀಗೆ ನನ್ನ ಓಟು. ಕೈ ಬಿಟ್ಟರೆ ತಲೆ ನೆಲದ ಕಡೆ ವಾಲುವ ಬೇಸ್‌ಗಳಿರುತ್ತವೆ. ಎಡಗೈ ಸ್ವರ ಒತ್ತುವುದನ್ನು ಬಿಟ್ಟು ನೆಕ್ ಎತ್ತಿ ಹಿಡಿಯುವ ಕೂಲಿ ಮಾಡುತ್ತದೆ. ನನ್ನ ಹಳೇ ಕೀ ಒಂದನ್ನು ಲ್ಯಾಬಿನ ತಕ್ಕಡಿಯಲ್ಲಿಟ್ಟರೆ 98 ಗ್ರಾಂ. ಹಗುರ ಕೀ ಹಾಕಿದರೆ ನಾಲ್ಕಕ್ಕೂ ಸೇರಿ ನೂರು ಗ್ರಾಂ ಮೇಲೆ ಕಡಿಮೆಯಾಗುತ್ತದೆ. ನೂರು ಗ್ರಾಂ ಏನು ಮಹಾ ಎನ್ನಬೇಡಿ. ಕೋಲಿನ ತುದಿಗೆ ಕಟ್ಟಿದ ನೂರು ಗ್ರಾಂ, ಸೀಸಾದ ತುದಿಯಲ್ಲಿ ಕೂತ ಮಗುವಿನಂತೆ.

ನಾನು ಕೊನೆಗೆ ಕೊಂಡದ್ದು 1,900 ರೂಪಾಯಿಯ, ಹೆಸರು ಯಾರೂ ಕೇಳಿರದ ಒಂದು ಸೆಟ್. ಆದರೆ ಕೊಳ್ಳುವ ಮುನ್ನ ಅಂಗಡಿಯವರಿಗೆ ಫೋನ್ ಮಾಡಿ, ‘ಸರ್, ದಯವಿಟ್ಟು ಸ್ಕೇಲ್ ಪಕ್ಕ ಇಟ್ಟು ಒಂದು ಫೋಟೋ ಕಳಿಸ್ತೀರಾ’ ಎಂದು ಕೇಳಿದೆ. ಗೊಣಗುತ್ತಲೇ ಕಳಿಸಿದರು. ಮೊದಲ ಎರಡು ಸೆಟ್ ಹೊಂದಲಿಲ್ಲ, ಮೂರನೆಯದು ಹೊಂದಿತು. ತೂತು ಸರಿ, ಸಾಲು ಸರಿ, ಸ್ಕ್ರೂ ತೂತು ಮಾತ್ರ ಎರಡು ಮಿ.ಮೀ. ಆಚೆ. ಹಳೆಯದನ್ನು ಹಲ್ಲುಕಡ್ಡಿಯಿಂದ ಮುಚ್ಚಿ, ಸ್ಕ್ರೂಗಿಂತ ಸಣ್ಣ ಬಿಟ್‌ನಲ್ಲಿ ಹೊಸ ತೂತು ಕೊರೆದು, ಸ್ಕ್ರೂಗೆ ಮೇಣ ಸವರಿ ಹಾಕಿದೆ. ಮೇಣ ಮರೆತರೆ ಗಟ್ಟಿ ಮರದಲ್ಲಿ ಸ್ಕ್ರೂವಿನ ತಲೆ ಮುರಿದು ಕೈಗೆ ಬರುತ್ತದೆ. ಹೊಸ ತಂತಿ ಕೊಂಡೆ. ಕತ್ತರಿಸುವ ಮೊದಲು ಗೂಟದಿಂದಾಚೆ ಹತ್ತು-ಹನ್ನೆರಡು ಸೆಂ.ಮೀ. ಬಿಟ್ಟು, ಲಂಬಕ್ಕೆ ಮಡಿಸಿ, ಆಮೇಲೆ ಕತ್ತರಿಸಿದೆ. ಎಲ್ಲಾ ಆದ ಮೇಲೂ 9,000ದಲ್ಲಿ ಅರ್ಧದ ಹತ್ತಿರ ಉಳಿಯಿತು. ಆ ಮೊದಲ 1,400 ಕಳೆದುಕೊಳ್ಳದಿದ್ದರೆ ಇನ್ನಷ್ಟು.

ನಮ್ಮ ಗಿಟಾರಿಸ್ಟ್ ಇನ್ನೂ ಒಪ್ಪಿಲ್ಲ. ‘ಇಷ್ಟು ಒದ್ದಾಡೋ ಬದಲು ಹೊಸ ಬೇಸ್ ತಗೊಂಡಿದ್ರೆ ಆಗ್ತಿತ್ತು’ ಎನ್ನುತ್ತಾನೆ. ಅವನ ವಾದದಲ್ಲಿ ಹುರುಳಿಲ್ಲವೆಂದಲ್ಲ. ನನ್ನ ಎರಡು ವಾರದ ಸಂಜೆಗಳಿಗೂ ಬೆಲೆಯಿದೆ, ಒಂದು ಇಂಟರ್ನಲ್ಸ್‌ನಲ್ಲಿ ಅಂಕ ಹೋಗಿದ್ದೂ ನಿಜ. ಆದರೆ ಹೊಸ ಬೇಸ್ ತಂದಿದ್ದರೂ ಅದಕ್ಕೆ ನಾನು ತಂತಿಯನ್ನು ಅದೇ ಅಡ್ಡಾದಿಡ್ಡಿಯಾಗಿ ಸುತ್ತುತ್ತಿದ್ದೆ, ನಟ್ ‘ಟಿಂಗ್’ ಎಂದಾಗ ಅದೇ ಕೀಯನ್ನು ಬೈಯುತ್ತಿದ್ದೆ. ಆರು ತಿಂಗಳಿಗೆ ಅದನ್ನೂ ಡಬ್ಬಾ ಎನ್ನುತ್ತಿದ್ದೆ.

ಎರಡು ತಿಂಗಳ ನಂತರದ ಕಾರ್ಯಕ್ರಮದಲ್ಲಿ ನಾನೇ ನುಡಿಸಿದೆ. ಗಾಯಕ ಒಮ್ಮೆಯೂ ಹಿಂದೆ ತಿರುಗಲಿಲ್ಲ. ಹಳೆಯ ಮೂರು ಒಳ್ಳೆಯ ಕೀಗಳನ್ನೂ, ಹೊಂದದ ಆ ಕಪ್ಪು ಸೆಟ್ಟನ್ನೂ ಒಂದು ಬಿಸ್ಕತ್ ಡಬ್ಬಿಯಲ್ಲಿ ಹಾಕಿ ಮೈಸೂರಿನ ಆ ಹಿರಿಯರಿಗೆ ಕೊಟ್ಟುಬಂದೆ. ಯಾರಾದರೂ ಹುಡುಗ ಒಂದೇ ಕೀ ಬೇಕು ಎಂದು ಬಂದರೆ ಇರಲಿ ಎಂದೆ. ಡಬ್ಬಿ ಅಲ್ಲಾಡಿಸಿ ನೋಡಿ, ‘ಅಳತೆ ಬರೆದು ಒಳಗೆ ಹಾಕಿದ್ಯಾ?’ ಎಂದು ಕೇಳಿದರು.

ಹಾಕಿದ್ದೆ.